ಕರಣೆ ಹಾಕುವ ಕೈ

ನನ್ನ ಮೃದಂಗದ ‘ಧೀಂ’ ಸತ್ತುಹೋಗಿತ್ತು. ಮಳೆಗಾಲವೆಲ್ಲ ಅಟ್ಟದ ಮೇಲೆ ಬಿದ್ದಿದ್ದರ ಫಲ. ಬಲಗಡೆಯ ಕಪ್ಪು ವೃತ್ತದ, ಅಂದರೆ ಕರಣೆಯ, ಅಂಚಿನಲ್ಲಿ ಒಂದು ಚೂರು ಎದ್ದು ಬಂದಿತ್ತು, ಅಷ್ಟೇ. ಆದರೆ ಹೊಡೆದರೆ ರಟ್ಟಿನ ಡಬ್ಬ ಬಡಿದಂಗೆ ಸದ್ದು. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು, ಅದನ್ನು ಹೊತ್ತುಕೊಂಡು ಬಳೇಪೇಟೆಯ ಗಲ್ಲಿಯೊಂದಕ್ಕೆ ಹೋದೆ. ಹೆಸರು ಬಳೆಯದಾದರೂ ಈಗ ಅಲ್ಲಿ ಸಾಲಾಗಿ ಸಿಗುವುದು ವೀಣೆ, ತಬಲ, ಹಾರ್ಮೋನಿಯಂ.

ರಿಪೇರಿ ಮಾಡುವವರು ನೆಲದ ಮೇಲೆ ಕೂತಿದ್ದರು. ಹಳೆಯ ಕರಣೆಯನ್ನು ಪೂರ್ತಿ ಕೆರೆದು ತೆಗೆದರು. ಪಕ್ಕದಲ್ಲಿ ಒಂದು ಕಪ್ಪು ಉಂಡೆ. ಅನ್ನ ಮತ್ತು ಕಬ್ಬಿಣದ ಅಂಶವಿರುವ ಕಲ್ಲಿನ ಪುಡಿ ಸೇರಿಸಿ ಅರೆದದ್ದು. ಅದರಿಂದ ಒಂದು ಚಿಟಿಕೆ ತೆಗೆದು ಚರ್ಮದ ನಡುವೆ ಹೆಬ್ಬೆರಳಲ್ಲಿ ತೆಳ್ಳಗೆ ಹರಡಿದರು. ಆಮೇಲೆ ನುಣುಪಾದ ಒಂದು ಕಲ್ಲು ಹಿಡಿದು ಉಜ್ಜತೊಡಗಿದರು. ಉಜ್ಜಿದರು, ಉಜ್ಜಿದರು, ಬೆರಳಲ್ಲಿ ತಟ್ಟಿ ಕೇಳಿದರು. ಮತ್ತೆ ಒಂದು ಚಿಟಿಕೆ.

‘ಎಷ್ಟು ಸುತ್ತು ಹಾಕ್ತೀರಿ?’ ಅಂದೆ.

‘ಸಾಕು ಅನ್ನೋವರೆಗೂ.’

‘ಸಾಕು ಅಂತ ಹೇಗೆ ಗೊತ್ತಾಗುತ್ತೆ?’

ಕೈ ನಿಲ್ಲಿಸಿ ಸ್ವಲ್ಪ ಯೋಚಿಸಿದರು. ‘ಮೊದ್ಲು ಕಲ್ಲು ಹಿಡಿದು ಹಿಡಿದು ಬಿಡುತ್ತೆ. ಆಮೇಲೆ ಜಾರುತ್ತೆ. ಜಾರಿದ್ರೆ ಆ ಸುತ್ತು ಆಯ್ತು.’

ಈ ಚಿಟಿಕೆ ಕರಣೆ ಏನು ಮಾಡುತ್ತದೆ ಅನ್ನುವುದು ಸಣ್ಣ ಪ್ರಶ್ನೆಯಲ್ಲ. ತಂತಿ ಮೀಟಿದರೆ ಮೂಲ ಸ್ವರದ ಜೊತೆಗೆ ಅದರ 2 ಪಟ್ಟು, 3 ಪಟ್ಟು, 4 ಪಟ್ಟು ಕಂಪನಗಳೂ ಹುಟ್ಟುತ್ತವೆ. ಲೆಕ್ಕ ಸರಿಯಾಗಿ ಕೂರುವುದರಿಂದ ಕಿವಿಗೆ ಅದು ಒಂದೇ ಇಂಪಾದ ಸ್ವರ. ಬರೀ ಚರ್ಮ ಹಾಗಲ್ಲ. ಬಿಗಿದು ಕಟ್ಟಿದ ಸಾದಾ ಚರ್ಮದ ಮೇಲಿನ ಕಂಪನಗಳು ಮೂಲದ 1.59, 2.14, 2.30 ಪಟ್ಟು ಹೀಗೆ ಅಡ್ಡಾದಿಡ್ಡಿ ಬರುತ್ತವೆ. ಅದಕ್ಕೇ ಸಾಮಾನ್ಯ ಡೋಲಿನಲ್ಲಿ ಸದ್ದು ಇರುತ್ತದೆ, ಶ್ರುತಿ ಗಟ್ಟಿಯಾಗಿ ನಿಲ್ಲುವುದಿಲ್ಲ. ನಡುವೆ ಭಾರ ಕೂರಿಸಿದರೆ ಕೆಲವು ಕಂಪನಗಳು ಜಾಸ್ತಿ ನಿಧಾನವಾಗುತ್ತವೆ, ಕೆಲವು ಕಡಿಮೆ. ಭಾರವನ್ನು ಸರಿಯಾದ ಜಾಗದಲ್ಲಿ, ಸರಿಯಾದ ದಪ್ಪದಲ್ಲಿ ಇಟ್ಟರೆ ಅಡ್ಡಾದಿಡ್ಡಿ ಇದ್ದದ್ದೆಲ್ಲ ಸಾಲಿಗೆ ಬರುತ್ತದೆ.

ಇದನ್ನು ಲೋಕಕ್ಕೆ ವಿವರಿಸಿದವರು ಸಿ.ವಿ. ರಾಮನ್. 1920ರಲ್ಲಿ, ಕಲ್ಕತ್ತೆಯಲ್ಲಿದ್ದಾಗಲೇ, ‘ನೇಚರ್’ ಪತ್ರಿಕೆಯಲ್ಲಿ ಒಂದು ಟಿಪ್ಪಣಿ ಬರೆದಿದ್ದರು. 1933ರಲ್ಲಿ ಬೆಂಗಳೂರಿಗೆ, ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ, ನಿರ್ದೇಶಕರಾಗಿ ಬಂದರು. ಮರುವರ್ಷ ವಿಜ್ಞಾನ ಅಕಾಡೆಮಿ ಕಟ್ಟಿ, ಅದರ ಪತ್ರಿಕೆಯ ಮೊದಲ ಸಂಪುಟದಲ್ಲೇ ಮತ್ತೆ ಮೃದಂಗ, ತಬಲದ ಬಗ್ಗೆ ಬರೆದರು. ಮುಚ್ಚಿಗೆಯ, ಅಂದರೆ ಬಿಗಿದು ಕಟ್ಟಿದ ಚರ್ಮದ, ಮೇಲೆ ನುಣ್ಣನೆ ಮರಳು ಉದುರಿಸಿ, ಯಾವ ಏಟಿಗೆ ಯಾವ ಗೆರೆ ಮೂಡುತ್ತದೆ ಅಂತ ನೋಡಿದರು. 9 ಬಗೆಯ ಕಂಪನಗಳು ಸೇರಿ 5 ಸರಿಯಾದ ಸ್ವರಗಳಾಗಿ ಕೂರುತ್ತವೆ ಅನ್ನುವುದು ಅವರಿಗೆ ಕಂಡದ್ದು.

ಇನ್ನೊಂದು ವಿಷಯ ಬರಿಗಣ್ಣಿಗೇ ಕಾಣುತ್ತದೆ. ಕರಣೆಯನ್ನು ಹತ್ತಿರದಿಂದ ನೋಡಿ, ತುಂಬ ಸೂಕ್ಷ್ಮ ಬಿರುಕುಗಳಿರುತ್ತವೆ. ಅವು ತಪ್ಪಲ್ಲ, ಬೇಕಂತಲೇ ಬರಿಸಿದ್ದು. ಕಲ್ಲಿನಲ್ಲಿ ಉಜ್ಜುವುದೇ ಅದಕ್ಕೆ. ಬಿರುಕಿಲ್ಲದ ಗಟ್ಟಿ ಬಿಲ್ಲೆಯಾದರೆ ಚರ್ಮ ಬಾಗುವುದೇ ಇಲ್ಲ. ಬಿರುಕಿದ್ದರೆ ಭಾರವೂ ಇರುತ್ತದೆ, ಬಾಗುವುದೂ ಇರುತ್ತದೆ.

ರಾಮನ್‌ಗಿಂತ ಎಷ್ಟೋ ತಲೆಮಾರು ಮೊದಲೇ ಇದನ್ನು ಸಾಧಿಸಿದವರಿಗೆ ‘ವಿಜ್ಞಾನ ಗೊತ್ತಿರಲಿಲ್ಲ’ ಅನ್ನುವ ಮಾತು ನನಗೆ ಸರಿ ಕಾಣುವುದಿಲ್ಲ. ಒಂದು ಸುತ್ತು ಹಾಕು, ತಟ್ಟು, ಕೇಳು, ಬದಲಾಯಿಸು. ಇದು ಪ್ರಯೋಗವೇ ಅಲ್ವಾ? ಬರೆದಿಡಲಿಲ್ಲ ಅಷ್ಟೇ.

ಕನ್ನಡದಲ್ಲಿ ‘ಪಳಗಿದ ಕೈ’ ಅನ್ನುತ್ತೇವೆ. ಆನೆ ಪಳಗಿದ ಹಾಗೆ. ಒಂದೇ ಕೆಲಸವನ್ನು ಸಾವಿರ ಸಲ ಮಾಡಿದರೆ ಕೈ ಒಂದೇ ದಾರಿಯಲ್ಲಿ ಓಡುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. 1920ರ ದಶಕದಲ್ಲಿ ಮಾಸ್ಕೋದಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಎಂಬ ವಿಜ್ಞಾನಿ ಇದನ್ನೇ ಅಳೆಯಲು ಹೊರಟರು. ಸುತ್ತಿಗೆ ಹಿಡಿದ ಕೆಲಸಗಾರರ ತೋಳಿಗೆ ಪುಟ್ಟ ಬಲ್ಬ್ ಕಟ್ಟಿ, ಬೆಳಕಿನ ಗೆರೆಗಳ ಫೋಟೋ ತೆಗೆದರು. ಏಟು ಬೀಳುವ ಜಾಗ ಹೆಚ್ಚುಕಮ್ಮಿ ಒಂದೇ. ಆದರೆ ಭುಜ, ಮೊಣಕೈ, ಮಣಿಕಟ್ಟು ಪ್ರತಿ ಸಲವೂ ಬೇರೆ ದಾರಿ ಹಿಡಿದಿದ್ದವು. ಭುಜ ಕೊಂಚ ತಪ್ಪಿದರೆ ಮಣಿಕಟ್ಟು ಅದನ್ನು ಸರಿ ಮಾಡಿಕೊಳ್ಳುತ್ತಿತ್ತು. ಅಂದರೆ ಪಳಗಿದ ಕೈ ಪ್ರತಿ ಏಟಿಗೂ ಹೊಸ ಉತ್ತರ ಹುಡುಕುತ್ತದೆ.

ನಮ್ಮ ದೇಶದಲ್ಲೂ ಇಂಥದ್ದೇ ಅಧ್ಯಯನ ನಡೆದಿದೆ. ಗುಜರಾತಿನ ಖಂಭಾತ್‌ನಲ್ಲಿ ಅಕೀಕು ಕಲ್ಲಿನ ಮಣಿ ಮಾಡುವವರಿದ್ದಾರೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಲ್ಲನ್ನು ಒತ್ತಿ ಹಿಡಿದು, ಎಮ್ಮೆ ಕೊಂಬಿನ ಸುತ್ತಿಗೆಯಲ್ಲಿ ಹೊಡೆಯುತ್ತಾರೆ. ಫ್ರಾನ್ಸಿನ ಸಂಶೋಧಕರು ಅವರಿಗೆ ಕಲ್ಲಿನ ಬದಲು ಗಾಜು ಕೊಟ್ಟು ನೋಡಿದರು. ತುಂಬ ನುರಿತವರು ಏಟಿನ ಜೋರನ್ನು ಗಾಜಿಗೆ ತಕ್ಕಂತೆ ಇಳಿಸಿಕೊಂಡರು. ಅಷ್ಟು ನುರಿಯದವರಿಗೆ ಅದು ಸುಲಭವಾಗಲಿಲ್ಲ.

‘ಕಲ್ಲು ಹಿಡಿದು ಬಿಡುತ್ತೆ’ ಅಂದರಲ್ಲ ಬಳೇಪೇಟೆಯ ರಿಪೇರಿಯವರು, ಅದನ್ನು ಬೆರಳಲ್ಲಿ ಗೊತ್ತಾಯಿತು ಅನ್ನಲಿಲ್ಲ. ಕಲ್ಲಿನ ಅಡಿಯಲ್ಲಿ ಆಗುತ್ತಿರುವುದು ಅವರಿಗೆ ನೇರವಾಗಿ ಗೊತ್ತಾಗುತ್ತಿತ್ತು. 1996ರಲ್ಲಿ ಜಪಾನಿನ ಅತ್ಸುಶಿ ಇರಿಕಿ ಮತ್ತು ಜೊತೆಗಾರರು ಕೋತಿಗಳಿಗೆ ಉದ್ದನೆಯ ಗೋರುಕೋಲಿನಲ್ಲಿ ತಿಂಡಿ ಎಳೆದುಕೊಳ್ಳಲು ಕಲಿಸಿದರು. ಮೊದಲು ಕೈಯ ಹತ್ತಿರದ ವಸ್ತುಗಳಿಗೆ ಮಾತ್ರ ಮಿಡಿಯುತ್ತಿದ್ದ ಮಿದುಳಿನ ನರಕೋಶಗಳು, ಈಗ ಕೋಲಿನ ತುದಿಯ ಹತ್ತಿರದ ವಸ್ತುಗಳಿಗೂ ಮಿಡಿದವು. ಸುಮ್ನೆ ಕೋಲು ಹಿಡಿದು ಕೂತರೆ ಹಾಗಾಗಲಿಲ್ಲ, ಕೆಲಸ ಮಾಡಬೇಕಿತ್ತು. ನನ್ನ ಮೈ ಎಲ್ಲಿಗೆ ಮುಗಿಯುತ್ತದೆ ಅನ್ನುವುದನ್ನು ಮಿದುಳು ಕೆಲಸ ನೋಡಿ ತೀರ್ಮಾನಿಸುತ್ತದೆ.

ಅದಕ್ಕೇ ಇರಬೇಕು, ಕಸುಬು ಹೆಸರಿಗೂ ಅಂಟಿಕೊಳ್ಳುತ್ತದೆ. 12ನೇ ಶತಮಾನದ ಶರಣರನ್ನು ನೆನೆಯಿರಿ. ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ. ನಮ್ಮ ಹಳೇ ಪೇಟೆಯಲ್ಲೂ ಅಷ್ಟೇ, ಕುಂಬಾರಪೇಟೆ, ಗಾಣಿಗರಪೇಟೆ. ಇದನ್ನು ಬರೀ ಹೆಮ್ಮೆಯಿಂದ ಹೇಳಲು ನನಗೆ ಮನಸ್ಸಾಗುವುದಿಲ್ಲ. ಕಸುಬು ಗುರುತಾದಾಗ ಅದೇ ಬೇಲಿಯೂ ಆಯಿತು. ಮೃದಂಗದ ಮುಚ್ಚಿಗೆಗೆ ಹಸು, ಎಮ್ಮೆ, ಆಡಿನ ಚರ್ಮ ಬೇಕು. ಆ ಚರ್ಮ ಮುಟ್ಟುವವರನ್ನು ಊರು ದೂರ ಇಟ್ಟಿತು, ಅದರ ನಾದವನ್ನು ಮಾತ್ರ ದೇವರ ಮನೆಗೆ ಕರೆಯಿತು. ಕಛೇರಿಯ ಕರಪತ್ರದಲ್ಲಿ ನುಡಿಸುವವರ ಹೆಸರಿರುತ್ತದೆ. ಮಾಡಿದವರದ್ದನ್ನು ನಾನಂತೂ ನೋಡಿಲ್ಲ.

‘ಮಗ ಕಲಿತಿದ್ದಾನಾ?’ ಅಂತ ಕೇಳಿದೆ.

‘ಇಲ್ಲ. ಅವನಿಗಿಷ್ಟ ಇಲ್ಲ, ಬಿಡಿ.’ ಬೇಜಾರಿನಿಂದ ಹೇಳಿದಂತೆ ಕಾಣಲಿಲ್ಲ. ಸಿಂಥೆಟಿಕ್ ಮುಚ್ಚಿಗೆಯ ಮೃದಂಗಗಳ ಮಾತೂ ಬಂತು. ‘ಬರಲಿ, ಮಳೇಲೂ ಶ್ರುತಿ ಇಳಿಯಲ್ಲವಂತೆ’ ಅಂದರು, ಕಲ್ಲು ಉಜ್ಜುತ್ತಲೇ.

ಸಂಜೆ ಹೊತ್ತಿಗೆ ಕಪ್ಪು ವೃತ್ತ ತುಂಬಿತ್ತು. ಮೃದಂಗ ತೊಡೆಯ ಮೇಲೆ ಇಟ್ಟು ‘ಧೀಂ’ ನುಡಿಸಿದರು. ಗಲ್ಲಿಯ ಸ್ಕೂಟರ್ ಹಾರ್ನ್‌ಗಳ ನಡುವೆಯೂ ಅದು ಗುಂಯ್ ಅಂತ ನಿಂತಿತು. ನಾನು ದುಡ್ಡು ತೆಗೆಯಲು ಜೇಬಿಗೆ ಕೈ ಹಾಕಿದೆ. ಅವರು ಇನ್ನೊಮ್ಮೆ ತಟ್ಟಿ, ಕಿವಿ ಹತ್ತಿರ ತಂದು, ತಲೆ ಅಲ್ಲಾಡಿಸಿದರು. ಮೇಲಿನ ಸುತ್ತನ್ನು ಉಗುರಿನಿಂದ ಕೆರೆಯತೊಡಗಿದರು.

‘ಚೆನ್ನಾಗೇ ಇತ್ತಲ್ಲ!’ ಅಂದೆ.

‘ನಾಳೆ ಬನ್ನಿ’ ಅಂದರು.