ಬ್ಯಾಂಡು ಬದಲಾಯಿತೋ, ಕಿವಿ ಬದಲಾಯಿತೋ

1983ರಲ್ಲಿ ಕೆನಡಾ ಮೂಲದ ರಾಕ್ ಗಾಯಕ ನೀಲ್ ಯಂಗ್ ಮೇಲೆ ಅವರದೇ ರೆಕಾರ್ಡ್ ಕಂಪನಿ ಗೆಫೆನ್ ಕೇಸು ಹಾಕಿತು. ಕೇಳಿದ ಪರಿಹಾರ 33 ಲಕ್ಷ ಡಾಲರ್. ಆರೋಪ ಏನು ಗೊತ್ತಾ? ಇವರು ನೀಲ್ ಯಂಗ್ ಥರ ಹಾಡುತ್ತಿಲ್ಲ ಅಂತ! ಗಿಟಾರು, ಹಾರ್ಮೋನಿಕಾ ಹಿಡಿದು ಹೆಸರು ಮಾಡಿದ ಮನುಷ್ಯ ಒಂದು ಆಲ್ಬಂನಲ್ಲಿ ತನ್ನ ದನಿಯನ್ನು ವೋಕೋಡರ್ ಎಂಬ ಯಂತ್ರಕ್ಕೆ ತುರುಕಿ ರೋಬೋ ಹಾಗೆ ಹಾಡಿದ್ದರು. ಅದರ ಮುಂದಿನದರಲ್ಲಿ 1950ರ ದಶಕದ ಕುಣಿತದ ಹಾಡುಗಳ ಧಾಟಿಗೆ ಹಾರಿದ್ದರು. ಕಂಪನಿಗೆ ತಲೆ ಕೆಟ್ಟುಹೋಯಿತು.

ಅದೇ ದಶಕದಲ್ಲಿ ಅಮೆರಿಕದಲ್ಲೇ ಇದರ ಉಲ್ಟಾ ಕೇಸೂ ನಡೆಯಿತು. ಜಾನ್ ಫೋಗರ್ಟಿ ಮೊದಲು ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಬ್ಯಾಂಡಿನ ಹಾಡುಗಾರ. ಆ ಬ್ಯಾಂಡಿನ ಹಳೆಯ ಹಾಡುಗಳ ಹಕ್ಕು ಫ್ಯಾಂಟಸಿ ಎಂಬ ಕಂಪನಿಯ ಕೈಯಲ್ಲಿತ್ತು. ಫೋಗರ್ಟಿ 1985ರಲ್ಲಿ ಬೇರೆ ಕಂಪನಿಗೆ ಆಲ್ಬಂ ಮಾಡಿದಾಗ ಫ್ಯಾಂಟಸಿ ಕೋರ್ಟಿಗೆ ಹೋಯಿತು. ಇದರಲ್ಲಿರುವ ಒಂದು ಹಾಡು ಇವರೇ 1970ರಲ್ಲಿ ಬರೆದ ಹಾಡಿನ ಕಾಪಿ ಎಂದಿತು. ಅಂದರೆ ಫೋಗರ್ಟಿ ಫೋಗರ್ಟಿಯನ್ನೇ ಕದ್ದಿದ್ದಾರೆ! 1988ರಲ್ಲಿ ಅವರು ಗಿಟಾರು ಹಿಡಿದುಕೊಂಡೇ ಸಾಕ್ಷಿಕಟ್ಟೆ ಹತ್ತಿದರು. ಎರಡೂ ಹಾಡು ಹೇಗೆ ಹುಟ್ಟುತ್ತವೆ ಅಂತ ಜ್ಯೂರಿಯ ಮುಂದೆ ನುಡಿಸಿ ತೋರಿಸಿದರು. ಗೆದ್ದರು. ನನ್ನ ಕೈಬರಹ ಎಲ್ಲಿ ಬರೆದರೂ ನನ್ನ ಕೈಬರಹವೇ ತಾನೇ ಅನ್ನುವಂಥ ವಾದ ಅದು.

ಬದಲಾದರೂ ಕಷ್ಟ, ಬದಲಾಗದಿದ್ದರೂ ಕಷ್ಟ. ರಾಕ್ ಅಭಿಮಾನಿಗಳ ನಡುವೆ ಈ ಜಗಳ ಐವತ್ತು ವರ್ಷದಿಂದ ನಡೆದೇ ಇದೆ. ಒಬ್ಬರಿಗೆ ಎಸಿ/ಡಿಸಿ ಎಂಬ ಬ್ಯಾಂಡು ಬೇಕು, ಎಲ್ಲ ಆಲ್ಬಂ ಒಂದೇ ಥರ ಇದ್ದರೂ ಪರವಾಗಿಲ್ಲ. ಇನ್ನೊಬ್ಬರಿಗೆ ಪ್ರತಿ ಸಲ ಚರ್ಮ ಕಳಚುವ ರೇಡಿಯೋಹೆಡ್ ಬೇಕು. ಇದು ರುಚಿಯ ಮಾತು, ವಿಜ್ಞಾನಕ್ಕೆ ಇಲ್ಲೇನು ಕೆಲಸ ಅನ್ನಿಸಬಹುದು. ಆದರೆ ಈ ಜಗಳದ ಬೇರು ಇರುವುದು ನಮ್ಮ ಕಿವಿ ಮತ್ತು ಮಿದುಳು ಕೆಲಸ ಮಾಡುವ ರೀತಿಯಲ್ಲೇ.

ನನ್ನದೇ ಕತೆ ಹೇಳ್ತೀನಿ. 2000ದ ಕೊನೆ. ರೇಡಿಯೋಹೆಡ್‌ನ ‘ಕಿಡ್ ಎ’ ಬಂದಿತ್ತು. ಅದಕ್ಕೆ ಮೂರು ವರ್ಷ ಹಿಂದಿನ ‘ಓಕೆ ಕಂಪ್ಯೂಟರ್’ ಆಲ್ಬಂ ಕೇಳಿ ಕೇಳಿ ಅದರ ಗಿಟಾರುಗಳೆಲ್ಲ ನನಗೆ ಬಾಯಿಪಾಠ. ಬ್ರಿಗೇಡ್ ರೋಡಿನ ಅಂಗಡಿಯೊಂದರಲ್ಲಿ ಹೊಸ ಕ್ಯಾಸೆಟ್ ಕೊಂಡು, ಬಸ್ಸಿನಲ್ಲೇ ವಾಕ್‌ಮನ್‌ಗೆ ಹಾಕಿದೆ. ಮೊದಲು ಕೀಬೋರ್ಡು. ಆಮೇಲೆ ಗಾಯಕನ ದನಿ ಚೂರು ಚೂರಾಗಿ, ತುಂಡಾಗಿ, ತೊದಲಿದ ಹಾಗೆ. ಟೇಪು ಸಿಕ್ಕಿಹಾಕಿಕೊಂಡಿದೆ ಅಂದುಕೊಂಡೆ. ಮನೆಗೆ ಬಂದು ಹತ್ತಿಗೆ ಸ್ಪಿರಿಟ್ ಅದ್ದಿ ವಾಕ್‌ಮನ್ನಿನ ಹೆಡ್ ಒರೆಸಿದೆ. ಮತ್ತೆ ಹಾಕಿದೆ. ಹಾಗೇ ಇತ್ತು. ಗಿಟಾರು ಎಲ್ಲಿ? ದುಡ್ಡು ದಂಡ ಅಂತ ಎತ್ತಿಟ್ಟೆ.

ಒಂದು ತಿಂಗಳಾದ ಮೇಲೆ, ಬೇರೆ ಕ್ಯಾಸೆಟ್ ಕೈಗೆ ಸಿಗದೆ ಅದನ್ನೇ ಹಾಕಿದೆ. ಮತ್ತೆ ಹಾಕಿದೆ. ಐದನೆಯದೋ ಆರನೆಯದೋ ಸಲ ಆ ತೊದಲು ಬರುವ ಮೊದಲೇ ನನ್ನ ತಲೆ ಅದಕ್ಕೆ ಕಾಯುತ್ತಿತ್ತು.

ಇದಕ್ಕೊಂದು ಹೆಸರಿದೆ, ‘ಮಿಯರ್ ಎಕ್ಸ್‌ಪೋಷರ್ ಎಫೆಕ್ಟ್’, ಅಂದರೆ ಬರೀ ಪರಿಚಯದಿಂದಲೇ ಹುಟ್ಟುವ ಇಷ್ಟ. 1968ರಲ್ಲಿ ರಾಬರ್ಟ್ ಝಯಾಂಕ್ ಎಂಬ ಮನೋವಿಜ್ಞಾನಿ ಚೀನೀ ಲಿಪಿಯ ಥರದ ಅಕ್ಷರಗಳನ್ನು ಆ ಲಿಪಿ ಓದಲು ಬಾರದವರಿಗೆ ತೋರಿಸಿದರು. ಕೆಲವನ್ನು ಒಂದೇ ಸಲ, ಕೆಲವನ್ನು 25 ಸಲ. ಜಾಸ್ತಿ ಸಲ ಕಂಡ ಅಕ್ಷರದ ಅರ್ಥ ಒಳ್ಳೆಯದೇ ಇರಬೇಕು ಅಂತ ಜನ ಊಹಿಸಿದರು. ಬೇರೆ ಕಾರಣ ಏನೂ ಇಲ್ಲ. ಸುಮ್ನೆ, ಪರಿಚಯ ಆಗಿದೆ ಅಷ್ಟೇ. ಹಾಡಿನ ವಿಷಯದಲ್ಲೂ ಹೀಗೇ.

ಆದರೆ ಪರಿಚಯ ಹೆಚ್ಚಾದಷ್ಟೂ ಇಷ್ಟ ಹೆಚ್ಚುತ್ತಲೇ ಹೋಗುತ್ತದೆಯೇ? ಹಾಗಿದ್ದರೆ ಮದುವೆ ಮನೆಯಲ್ಲಿ ನೂರು ಸಲ ಕೇಳಿದ ಹಾಡಿಗೆ ನಾವು ಕಿವಿ ಮುಚ್ಚಿಕೊಳ್ಳುತ್ತಿರಲಿಲ್ಲ, ಅಲ್ವಾ? ಟೊರಾಂಟೊದಲ್ಲಿದ್ದ ಡೇನಿಯಲ್ ಬರ್ಲೈನ್ 1970ರ ಸುಮಾರಿಗೆ ಇದನ್ನು ಒಂದು ಗುಡ್ಡದ ಆಕಾರದಲ್ಲಿ ವಿವರಿಸಿದರು. ತೀರಾ ಹೊಸದು, ತೀರಾ ಗೋಜಲು ಅಂದರೆ ನಾವಿನ್ನೂ ಗುಡ್ಡದ ಬುಡದಲ್ಲಿದ್ದೇವೆ, ಹಾಡು ಇಷ್ಟವಾಗುವುದಿಲ್ಲ. ಕೇಳುತ್ತಾ ಹೋದಂತೆ ಮೇಲೇರುತ್ತೇವೆ. ತುದಿ ಮುಟ್ಟಿದ ಮೇಲೂ ಕೇಳುತ್ತಲೇ ಇದ್ದರೆ ಆಚೆ ಬದಿಗೆ ಇಳಿಯುತ್ತೇವೆ. ಅಲ್ಲಿರುವುದು ಬೇಸರ.

ರಾಕ್ ಬ್ಯಾಂಡಿನ ಇಡೀ ರಾಮಾಯಣ ಈ ಗುಡ್ಡದ ಮೇಲೇ ನಡೆಯುವುದು ಅಂತ ನನಗನ್ನಿಸುತ್ತದೆ. ಒಂದು ಹಾಡನ್ನು ಬ್ಯಾಂಡಿನವರು ಮೊದಲು ರಿಹರ್ಸಲ್ ರೂಮಿನಲ್ಲಿ ತಿಂಗಳುಗಟ್ಟಲೆ ಅರೆಯುತ್ತಾರೆ. ಸ್ಟುಡಿಯೋದಲ್ಲಿ ತುಣುಕು ತುಣುಕಾಗಿ ಕೇಳುತ್ತಾರೆ. ಆಮೇಲೆ ಊರೂರು ತಿರುಗಿ ರಾತ್ರಿ ರಾತ್ರಿ ಅದನ್ನೇ ನುಡಿಸುತ್ತಾರೆ. ನಾವು ಮೊದಲ ಸಲ ಕೇಳಿ ಗುಡ್ಡದ ಬುಡದಲ್ಲಿ ಚಪ್ಪಲಿ ಬಿಡುವ ಹೊತ್ತಿಗೆ ಅವರು ಆಚೆ ಬದಿಯ ಅರ್ಧ ಇಳಿಜಾರಿನಲ್ಲಿರುತ್ತಾರೆ. ನಾವು ತುದಿಯಲ್ಲಿ ನಿಂತು ‘ಒನ್ಸ್ ಮೋರ್’ ಕೂಗುವಾಗ ಅವರಿಗೆ ವಾಕರಿಕೆ ಬಂದಿರುತ್ತದೆ. ಹಾಡು ಒಂದೇ, ಇಬ್ಬರೂ ನಿಂತ ಜಾಗ ಬೇರೆ. ‘ಓಕೆ ಕಂಪ್ಯೂಟರ್’ ಪ್ರವಾಸ ಮುಗಿಯುವ ಹೊತ್ತಿಗೆ ರೇಡಿಯೋಹೆಡ್‌ನ ಥಾಮ್ ಯಾರ್ಕ್ ಪೂರ್ತಿ ಸೋತುಹೋಗಿದ್ದರು. ಗಿಟಾರು ಎತ್ತಿಕೊಳ್ಳುವುದೇ ಬೇಡ ಅನ್ನಿಸಿತ್ತು. ನನಗೋ, ಇನ್ನೂ ಇಪ್ಪತ್ತು ಅಂಥದೇ ಹಾಡು ಬೇಕಿತ್ತು.

ವಿಮರ್ಶಕರದ್ದು ಇನ್ನೊಂದು ಕತೆ. ವರ್ಷಕ್ಕೆ ನೂರಾರು ಆಲ್ಬಂ ಕೇಳುವವರು ಪ್ರತಿಯೊಂದು ಗುಡ್ಡವನ್ನೂ ಓಡಿಕೊಂಡೇ ಹತ್ತಿ ಇಳಿಯುತ್ತಾರೆ. ‘ಅದೇ ಹಳೇ ಸೌಂಡು’ ಎಂಬ ಬೈಗುಳ ಅವರ ಬಾಯಲ್ಲೇ ಜಾಸ್ತಿ ಬರುವುದು ಸುಮ್ನೆ ಅಲ್ಲ.

ಇಷ್ಟಕ್ಕೂ ಈ ‘ಸೌಂಡು’ ಅಂದರೆ ಏನು? ರಾಗವಾ, ತಾಳವಾ, ಸಾಹಿತ್ಯವಾ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರಮ್‌ಹ್ಯಾನ್ಸಲ್ 2010ರಲ್ಲಿ ಒಂದು ತಮಾಷೆಯ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಜನಪ್ರಿಯ ಹಾಡುಗಳಿಂದ 400 ಮಿಲಿಸೆಕೆಂಡಿನ ಚೂರು ಕತ್ತರಿಸಿ ಕೇಳಿಸಿದರು. ಅರ್ಧ ಸೆಕೆಂಡೂ ಇಲ್ಲ. ಒಂದು ಚಿಟಿಕೆ ಹೊಡೆಯುವಷ್ಟು ಹೊತ್ತು. ಆದರೂ ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ ಸಲ ಕೇಳುಗರು ಹಾಡು ಯಾವುದು, ಹಾಡಿದ್ದು ಯಾರು ಎರಡನ್ನೂ ಸರಿಯಾಗಿ ಹೇಳಿದರು. ಅಷ್ಟು ಸಣ್ಣ ಚೂರಿನಲ್ಲಿ ರಾಗ ಎಲ್ಲಿಂದ ಬರಬೇಕು? ಕಿವಿಗೆ ಸಿಗುವುದು ನಾದದ ಬಣ್ಣ ಮಾತ್ರ. ಆ ಗಂಟಲು, ಆ ಗಿಟಾರಿನ ಕರಕರ, ಆ ಡ್ರಮ್ಮಿನ ಪೆಟ್ಟು. ಫೋನಿನಲ್ಲಿ ಅಮ್ಮನ ‘ಹಲೋ’ ಗುರುತಿಸುವುದೂ ಹೀಗೇ.

ಅದಕ್ಕೇ ಬ್ಯಾಂಡು ರಾಗ ಬದಲಿಸಿದರೆ ಅಭಿಮಾನಿ ತಡೆದುಕೊಳ್ಳುತ್ತಾನೆ. ನಾದದ ಬಣ್ಣ ಬದಲಿಸಿದರೆ ಮನೆಗೆ ಯಾರೋ ಅಪರಿಚಿತರು ನುಗ್ಗಿದ ಹಾಗೆ ಬೆಚ್ಚುತ್ತಾನೆ. 2003ರಲ್ಲಿ ಮೆಟಾಲಿಕಾ ಬ್ಯಾಂಡು ಇದನ್ನು ಚೆನ್ನಾಗಿ ಅನುಭವಿಸಿತು. ಸ್ನೇರ್ ಡ್ರಮ್ಮಿನ ಅಡಿಯ ಹೊದಿಕೆಗೆ ತಾಗಿಕೊಂಡಂತೆ ಸುರುಳಿ ತಂತಿಗಳ ಒಂದು ಪಟ್ಟಿ ಇರುತ್ತದೆ. ಮೇಲೆ ಕೋಲು ಬಿದ್ದಾಗ ಅಡಿಯ ಹೊದಿಕೆ ನಡುಗಿ ಆ ತಂತಿಗಳನ್ನು ಕುಣಿಸುತ್ತದೆ. ರಾಕ್‌ನಲ್ಲಿ ನಾವು ಕೇಳುವ ಆ ಚುರುಕು ‘ಛಟ್’ ಸದ್ದು ಬರುವುದು ಅಲ್ಲಿಂದ. ಪಕ್ಕದಲ್ಲಿರುವ ಒಂದು ಪುಟ್ಟ ಸನ್ನೆಯನ್ನು ಕೆಳಗೆ ಮಾಡಿದರೆ ತಂತಿ ಹೊದಿಕೆಯಿಂದ ದೂರ ಸರಿಯುತ್ತದೆ. ಆಗ ಡ್ರಮ್ಮಿನ ಹೊಟ್ಟೆಯೇ ‘ಟೊಂಯ್’ ಅನ್ನುತ್ತದೆ. ‘ಸೇಂಟ್ ಆ್ಯಂಗರ್’ ಆಲ್ಬಂನಲ್ಲಿ ಡ್ರಮ್ಮರ್ ಲಾರ್ಸ್ ಉಲ್ರಿಕ್ ಮಾಡಿದ್ದು ಇಷ್ಟೇ. ತಂತಿ ಸಡಿಲಿಸಿ ನುಡಿಸಿದರು. ಆಲ್ಬಂ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು, ಅದರ ಹೆಸರಿನ ಹಾಡಿಗೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಅಭಿಮಾನಿಗಳು ಮಾತ್ರ ಇಪ್ಪತ್ತು ವರ್ಷವಾದರೂ ಪಾತ್ರೆ ಬಡಿದ ಸದ್ದು ಅಂತ ಗೊಣಗುತ್ತಲೇ ಇದ್ದಾರೆ. ಗಿಟಾರ್ ಸೋಲೋಗಳನ್ನು ಬಿಟ್ಟದ್ದಕ್ಕೂ ಬೈಗುಳ ಬಿತ್ತು, ಆದರೆ ಡ್ರಮ್ಮಿಗೆ ಬಿದ್ದಷ್ಟಲ್ಲ. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂತು. ಕೇಳಲು ಹೋದ ನನ್ನ ಗೆಳೆಯರಲ್ಲಿ ಆ ಆಲ್ಬಂನ ಹಾಡಿಗೆ ಹರಕೆ ಹೊತ್ತವರು ಒಬ್ಬರೂ ಇರಲಿಲ್ಲ.

ಹಾಗಾದರೆ ಕಿವಿಗೆ ಅಚ್ಚರಿಯೇ ಬೇಡವೇ? ಬೇಕು. ಯಾವಾಗ ಬೇಕು ಅನ್ನುವುದೇ ಪ್ರಶ್ನೆ. ಜರ್ಮನಿಯ ಲೈಪ್‌ಝಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿನ್ಸೆಂಟ್ ಚೆಯುಂಗ್ ಮತ್ತು ಸಂಗಡಿಗರು 2019ರಲ್ಲಿ ಇದನ್ನು ಅಳೆದರು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ 745 ಹಾಡುಗಳಲ್ಲಿ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳನ್ನು, ಅಂದರೆ ಸುಮಾರು 80,000 ಕಾರ್ಡ್‌ಗಳನ್ನು ಕಂಪ್ಯೂಟರಿಗೆ ಕೊಟ್ಟು, ಮುಂದಿನ ಕಾರ್ಡ್ ಯಾವುದು ಅಂತ ಊಹಿಸುವುದನ್ನು ಕಲಿಸಿದರು. ಹಾಡುಗಳಿಂದ ಮಾತು, ರಾಗ ಎರಡನ್ನೂ ತೆಗೆದು ಬರೀ ಕಾರ್ಡ್‌ಗಳನ್ನು ಜನರಿಗೆ ಕೇಳಿಸಿದರು. ಜನರಿಗೆ ಹೆಚ್ಚು ಖುಷಿ ಕೊಟ್ಟ ಸನ್ನಿವೇಶ ಎರಡು. ಮುಂದೇನು ಬರುತ್ತದೆ ಅಂತ ಗಟ್ಟಿಯಾಗಿ ಗೊತ್ತಿದ್ದಾಗ ಬೇರೆಯದು ಬಂದರೆ ಖುಷಿ. ಮುಂದೇನು ಅಂತ ಗೊತ್ತೇ ಆಗದೆ ತಡಕಾಡುವಾಗ ನಿರೀಕ್ಷಿಸಬಹುದಾದದ್ದೇ ಬಂದರೂ ಖುಷಿ.

ನನ್ನ ಕ್ಯಾಸೆಟ್ ಕತೆ ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆ. ಪೂರ್ತಿ ಕತ್ತಲಲ್ಲಿ ಬೆಚ್ಚಿಬೀಳಿಸಿದರೆ ಮಜಾ ಇಲ್ಲ, ಬರೀ ಭಯ. ಮೊದಲ ಸಲ ಕೇಳುವಾಗ ‘ಕಿಡ್ ಎ’ ನನಗೆ ಹಿಡಿದುಕೊಳ್ಳಲು ಏನನ್ನೂ ಕೊಡಲಿಲ್ಲ. ಗಿಟಾರೂ ಇಲ್ಲ, ನೆಟ್ಟಗಿನ ದನಿಯೂ ಇಲ್ಲ. ಐದಾರು ಸಲ ಕೇಳಿದ ಮೇಲೆ ಆ ಅಪರಿಚಿತ ಜಾಗದ ನಕ್ಷೆ ತಲೆಯಲ್ಲಿ ಕೂತಿತು. ಆಮೇಲೆ ಅದರೊಳಗಿನ ತಿರುವುಗಳು ರುಚಿಸಿದವು. ಹೊಸ ಸೌಂಡು ಕೇಳುಗರಿಂದ ತಾಳ್ಮೆಯ ಸಾಲ ಕೇಳುತ್ತದೆ. ರೇಡಿಯೋಹೆಡ್‌ಗೆ ಆ ಸಾಲ ಸಿಕ್ಕಿತು. ಯಾವ ಹಾಡನ್ನೂ ಸಿಂಗಲ್ ಆಗಿ, ಅಂದರೆ ಬಿಡಿಯಾಗಿ, ಬಿಡುಗಡೆ ಮಾಡದೆಯೂ ಆಲ್ಬಂ ಬ್ರಿಟನ್ ಮತ್ತು ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು. ಹಳೆಯ ಆಲ್ಬಂನಲ್ಲಿ ಗಳಿಸಿದ ನಂಬಿಕೆ ಅದು. ಹೊಸ ಬ್ಯಾಂಡೊಂದು ಅದೇ ಕ್ಯಾಸೆಟ್ ತಂದಿದ್ದರೆ ನಾನು ಎರಡನೇ ಸಲ ಹಾಕುತ್ತಿದ್ದೆನೇ? ಖಂಡಿತ ಇಲ್ಲ.

ಈಗ ಎಸಿ/ಡಿಸಿ ಕಡೆ ಬರೋಣ. ಇವರನ್ನು ಸೋಮಾರಿಗಳು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. 1980ರ ಫೆಬ್ರವರಿಯಲ್ಲಿ ಗಾಯಕ ಬಾನ್ ಸ್ಕಾಟ್ ತೀರಿಕೊಂಡರು. ಬ್ಯಾಂಡಿನ ಗುರುತೇ ಅವರ ಗಂಟಲು. ಆದರೂ ಬ್ರಯಾನ್ ಜಾನ್ಸನ್ ಎಂಬ ಹೊಸ ಗಾಯಕನನ್ನು ಕರೆದು, ಐದೇ ತಿಂಗಳಲ್ಲಿ ‘ಬ್ಯಾಕ್ ಇನ್ ಬ್ಲ್ಯಾಕ್’ ಹೊರತಂದರು. ಈವರೆಗೆ ಅಂದಾಜು 5 ಕೋಟಿ ಪ್ರತಿ ಮಾರಾಟವಾಗಿರುವ ಆಲ್ಬಂ ಅದು. ದನಿ ಬದಲಾಯಿತು, ಮಿಕ್ಕಿದ್ದನ್ನು ಅಲುಗಾಡಿಸಲಿಲ್ಲ. ಮಾಲ್ಕಂ ಯಂಗ್ ಅವರ ರಿದಂ ಗಿಟಾರು, ಫಿಲ್ ರಡ್ ಅವರ ಆಡಂಬರವಿಲ್ಲದ ಡ್ರಮ್ಮು ಹಾಗೇ ಇದ್ದವು. ಆ ಹಾಡುಗಳನ್ನು ಕಿವಿಗೊಟ್ಟು ಕೇಳಿ. ಪೆಟ್ಟುಗಳ ನಡುವೆ ಬಿಡುವ ಖಾಲಿ ಜಾಗ ಹಾಡಿನಿಂದ ಹಾಡಿಗೆ ಬೇರೆ. ಗಿಟಾರು ಎಲ್ಲಿ ಬಾಯಿ ಮುಚ್ಚುತ್ತದೆ ಅನ್ನುವುದೇ ಅವರ ಕಸುಬು. ಕಛೇರಿಯಲ್ಲಿ ಪಲ್ಲವಿಯ ಒಂದೇ ಸಾಲನ್ನು ಸಂಗತಿಯ ಮೇಲೆ ಸಂಗತಿ ಹಾಕಿ ಹಾಡುವಾಗ, ಸಂಗೀತ ಗೊತ್ತಿಲ್ಲದವರಿಗೆ ‘ಅದನ್ನೇ ಹಾಡ್ತಿದ್ದಾರೆ’ ಅನ್ನಿಸುತ್ತದಲ್ಲ, ಹಾಗೇ ಇದು.

ಮತ್ತೆ ಮತ್ತೆ ಬರುವುದಕ್ಕೆ ತನ್ನದೇ ಶಕ್ತಿಯೂ ಇದೆ. ಎಲಿಜಬೆತ್ ಮಾರ್ಗ್ಯುಲಿಸ್ ಎಂಬ ಸಂಶೋಧಕಿ ಲೂಚಿಯಾನೊ ಬೇರಿಯೊ, ಎಲಿಯಟ್ ಕಾರ್ಟರ್ ಅವರ ಕಷ್ಟದ ಆಧುನಿಕ ಕೃತಿಗಳನ್ನು ತೆಗೆದುಕೊಂಡು, ನಡುನಡುವೆ ಕೆಲವು ತುಣುಕುಗಳನ್ನು ಸುಮ್ನೆ ಕಾಪಿ ಮಾಡಿ ಅಂಟಿಸಿದರು. ಕೇಳಿದವರಿಗೆ ಮೂಲಕ್ಕಿಂತ ಈ ಅಂಟಿಸಿದ್ದೇ ಹೆಚ್ಚು ಇಷ್ಟವಾಯಿತು. ಇದನ್ನು ಮನುಷ್ಯರೇ ರಚಿಸಿರಬೇಕು ಅಂತಲೂ ಹೆಚ್ಚು ಅನ್ನಿಸಿತು. ಬೇರಿಯೊ ಕೇಳಿದ್ದರೆ ಏನನ್ನುತ್ತಿದ್ದರೋ!

ಹಾಗಾದರೆ ಯಾವ ದಾರಿ ಬ್ಯಾಂಡನ್ನು ಹೆಚ್ಚು ಕಾಲ ಉಳಿಸುತ್ತದೆ? ಸ್ಟ್ಯಾನ್‌ಫರ್ಡ್‌ನ ಜಸ್ಟಿನ್ ಬರ್ಗ್ 2022ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಹತ್ತಿರ ಬರುತ್ತದೆ. ಸುಮಾರು 69,000 ಕಲಾವಿದರ 30 ಲಕ್ಷ ಹಾಡುಗಳನ್ನು ಅವರು ಜಾಲಾಡಿದರು. ಚಾಲ್ತಿಯಲ್ಲಿದ್ದ ಹಾಡುಗಳಿಗಿಂತ ಬೇರೆ ಥರ ಮಾಡುತ್ತಿದ್ದವರಿಗೆ ಮೊದಲ ಹಿಟ್ ಸಿಗುವುದೇ ಕಷ್ಟ. ಆದರೆ ಒಮ್ಮೆ ಸಿಕ್ಕಿತೆಂದರೆ, ಮತ್ತೆ ಮತ್ತೆ ಹಿಟ್ ಕೊಡುವವರಲ್ಲಿ ಅವರೇ ಮುಂದು. ಎಲ್ಲರ ಹಾಗೇ ಹಾಡಿ ಹಿಟ್ ಆದವರು ಒಂದೇ ಹಾಡಿಗೆ ನಿಂತುಹೋಗುವುದು ಜಾಸ್ತಿ.

ಇಲ್ಲಿ ನನಗೆ ಕಾಣುವುದು ಬುತ್ತಿಯ ಲೆಕ್ಕ. ಹೆಸರು ಬರುವ ಮೊದಲೇ ನಾಲ್ಕಾರು ಬಗೆ ಕಟ್ಟಿಕೊಂಡಿದ್ದರೆ, ಆಮೇಲೆ ಯಾವುದನ್ನು ಬಿಚ್ಚಿದರೂ ಜನ ‘ಇದೂ ಇವರದೇ’ ಅನ್ನುತ್ತಾರೆ. ಒಂದೇ ತಿಂಡಿ ಕಟ್ಟಿಕೊಂಡು ಬಂದವರು ನಡುದಾರಿಯಲ್ಲಿ ಹೊಸ ಅಡುಗೆ ಕಲಿಯಲು ಕೂತರೆ ಅಭಿಮಾನಿ ಎದ್ದು ಹೋಗುತ್ತಾನೆ. ನೀಲ್ ಯಂಗ್ ಬುತ್ತಿಯಲ್ಲಿ ಮೊದಲಿನಿಂದಲೂ ಜಾನಪದವಿತ್ತು, ಕಂಟ್ರಿ ಎಂಬ ಅಮೆರಿಕದ ಹಳ್ಳಿ ಧಾಟಿಯ ಸಂಗೀತ ಇತ್ತು, ಕಿವಿ ಕಿತ್ತುಹೋಗುವ ಗಿಟಾರೂ ಇತ್ತು. ಗೆಫೆನ್ ಜೊತೆಗಿನ ಜಗಳ ರಾಜಿಯಲ್ಲಿ ಮುಗಿಯಿತು, ಅವರ ಕೇಳುಗರೂ ಎಲ್ಲಿಗೂ ಹೋಗಲಿಲ್ಲ.

ಮೊನ್ನೆ ತಂಗಿಯ ಮಗ ಮನೆಗೆ ಬಂದಿದ್ದ. ಹದಿನೇಳರ ಹುಡುಗ. ಫೋನಿನಲ್ಲಿ ‘ಕಿಡ್ ಎ’ ಹಾಕಿಕೊಂಡು ತಲೆ ಆಡಿಸುತ್ತಿದ್ದ. ಈ ಬ್ಯಾಂಡು ಅವನಿಗೆ ಗೊತ್ತಾದದ್ದೇ ಆ ಆಲ್ಬಂನಿಂದಂತೆ. ನನಗೆ ಖುಷಿಯಾಗಿ, ಇವರ ನಿಜವಾದ ಸೌಂಡು ಕೇಳು ಬಾ ಅಂತ ‘ಓಕೆ ಕಂಪ್ಯೂಟರ್’ ಹಾಕಿದೆ. ಎರಡು ನಿಮಿಷ ಕೇಳಿದ. ಮುಖ ಹುಳ್ಳಗಾಯಿತು.

‘ಇದ್ಯಾಕೆ ಮಾಮ, ಬರೀ ಗಿಟಾರು? ಇವರು ಯಾವಾಗ ಹಿಂಗಾದ್ರು?’