ಮಖಮಲ್ ಅಂದ್ರೆ ನಿಜಕ್ಕೂ ಏನು, ಆ ಹೆಸರು ಬಂದಿದ್ದೆಲ್ಲಿಂದ

ಮಖಮಲ್ ಅಂದ್ರೆ ಒಂಥರಾ ರೇಷ್ಮೆ ಅಂತ ತುಂಬಾ ಜನ ಅನ್ಕೊಂಡಿರ್ತಾರೆ, ಇನ್ನು ಕೆಲವ್ರು ಮಲ್‌ಮಲ್‌ನೂ ಇದನ್ನೂ ಸೇರಿಸಿ ಒಂದೇ ಮಾಡ್ಬಿಡ್ತಾರೆ. ಮಲ್‌ಮಲ್ ತೀರಾ ತೆಳು ಹತ್ತಿ ಬಟ್ಟೆ. ಮಖಮಲ್ ದಪ್ಪ, ಮೇಲೆಲ್ಲಾ ಒತ್ತಾಗಿ ಗಿಡ್ಡ ಕೂದಲು ಎದ್ದಿರುತ್ತೆ, ಈಗ ಎಲ್ರೂ ವೆಲ್ವೆಟ್ ಅಂತೀವಲ್ಲ ಅದೇ.

ಹೆಸರಿನ ಬೇರು ಅರಬ್ಬಿಯಲ್ಲಿದೆ. ಅಲ್ಲಿ ಖಮ್ಲ್ ಅಂದ್ರೆ ಬಟ್ಟೆ ಮೇಲಿನ ಕೂದಲು, ಅದಿರೋ ಬಟ್ಟೆ ಮುಖ್ಮಲ್, ಅದೇ ಪಾರ್ಸಿ, ಹಿಂದೂಸ್ತಾನಿ ದಾಟಿ ನಮ್ಮ ಬಾಯಿಗೂ ಬಂತು. ಮಜಾ ಏನಂದ್ರೆ ವೆಲ್ವೆಟ್ ಕಥೆನೂ ಇದೇ: ಲ್ಯಾಟಿನ್‌ನಲ್ಲಿ ವಿಲ್ಲಸ್ ಅಂದ್ರೆ ಕೆದರಿದ ಕೂದಲು (ಸಣ್ಣ ಕರುಳಿನೊಳಗೆ ವಿಲ್ಲೈ ಇರುತ್ತೆ ಅಂತ ಸ್ಕೂಲಲ್ಲಿ ಓದಿದ್ವಲ್ಲ, ಅದೂ ಇದೇ ಪದ). ಅಂದ್ರೆ ಎರಡೂ ಕಡೆ ಹೆಸರಿಟ್ಟಿದ್ದು ನೂಲು ನೋಡಿ ಅಲ್ಲ, ಕೂದಲು ನೋಡಿ. ಹಾಗಾಗಿ ಅಂಗಡಿಯಲ್ಲಿ ಬರೀ ವೆಲ್ವೆಟ್ ಅಂತ ಬೋರ್ಡಿದ್ರೆ ಅದು ರೇಷ್ಮೆನೋ ಪಾಲಿಯೆಸ್ಟರೋ ಏನೂ ಗೊತ್ತಾಗಲ್ಲ, ಲೇಬಲ್ಲೇ ನೋಡ್ಬೇಕು.

ಈ ಕೂದಲು ಬರ್ಸೋದೇ ದೊಡ್ಡ ಕೆಲಸ. ಮಾಮೂಲಿ ಹಾಸಿನ (ಮಗ್ಗದಲ್ಲಿ ಉದ್ದಕ್ಕೆ ಬಿಗಿದಿರೋ ಎಳೆಗಳು) ಜೊತೆ ಇನ್ನೊಂದು ಹೆಚ್ಚಿನ ಹಾಸು ಇಟ್ಕೊಂಡು, ನೇಯ್ತಾ ನೇಯ್ತಾ ಅದ್ರ ಕೆಳಗೆ ಸಣ್ಣ ಕಂಬಿ ತೂರಿಸ್ತಾರೆ, ಎಳೆ ಕಂಬಿ ಮೇಲೆ ಹಾದು ಕುಣಿಕೆ ಆಗುತ್ತೆ, ಕಂಬಿ ಬೆನ್ನ ಮೇಲೆ ಉದ್ದಕ್ಕೂ ಒಂದು ಸಣ್ಣ ತೋಡು ಕೊರೆದಿರುತ್ತೆ, ಅದ್ರಲ್ಲಿ ಬ್ಲೇಡ್ ಎಳೆದ್ರೆ ಕುಣಿಕೆ ಕತ್ತರಿಸಿ ಕೂದಲು ನೆಟ್ಟಗೆ ನಿಲ್ಲುತ್ತೆ. ಆ ಕೂದಲಿಗೇ ಸಿಕ್ಕಾಪಟ್ಟೆ ರೇಷ್ಮೆ ಹೋಗೋದ್ರಿಂದ ಇಟಲಿಯ ವೆನಿಸ್, ಫ್ಲಾರೆನ್ಸ್, ಟರ್ಕಿಯ ಬುರ್ಸಾ, ಇರಾನಿನ ಕಾಶಾನ್‌ಗಳಲ್ಲಿ ನೇಯ್ತಿದ್ದ ಮಖಮಲ್ಲು ಅರಮನೆಯೋರಿಗೆ, ಸಾಹುಕಾರರಿಗೆ ಮಾತ್ರ ಎಟುಕ್ತಿತ್ತು. 19ನೇ ಶತಮಾನದಲ್ಲಿ ಎರಡು ಬಟ್ಟೆ ಎದುರುಬದುರಾಗಿ ಒಟ್ಟಿಗೇ ನೇಯ್ದು ನಡುವಿನ ಎಳೆ ಸೀಳೋ ಮಗ್ಗ ಬಂತು, ಒಂದೇಟಿಗೆ ಎರಡು ವೆಲ್ವೆಟ್! ಹತ್ತಿಯ ವೆಲ್ವೆಟೀನು, ಆಮೇಲೆ ವಿಸ್ಕೋಸು (ಮರದ ತಿರುಳಿಂದ ಮಾಡೋ ನೂಲು), ಪಾಲಿಯೆಸ್ಟರು ಎಲ್ಲಾ ಸೇರಿ ರೇಟು ಇಳೀತು.

ಕೂದಲು ಅಂದ್ಮೇಲೆ ಅದಕ್ಕೊಂದು ದಿಕ್ಕಿರುತ್ತೆ. ಹೀಗೆ ಸವರಿದ್ರೆ ನುಣುಪು, ಹೊಳಪು, ಉಲ್ಟಾ ಸವರಿದ್ರೆ ಬಣ್ಣ ಕಪ್ಪಿಟ್ಟ ಹಾಗೆ ಕಾಣುತ್ತೆ. ಟೈಲರ್ ಒಂದು ತೋಳು ತಲೆಕೆಳಗಾಗಿ ಕತ್ತರಿಸಿದ್ರೆ ಮುಗೀತು, ಒಂದೇ ಥಾನಿನ ಬಟ್ಟೆ ಆದ್ರೂ ಎರಡು ಬಣ್ಣದ ಡ್ರೆಸ್ಸು. ಮೇಲಿಂದ ಇಸ್ತ್ರಿ ಒತ್ತಿದ್ರೂ ಕೂದಲು ಚಪ್ಪಟೆ, ಹಿಂದಿನಿಂದ ಹಬೆ ಕೊಡೋದೇ ಸರಿ.

ಬಳಕೆಯಲ್ಲಿ ಮಾತ್ರ ಕೂದಲು ಮರೆತೋಗಿ ಮೆತ್ತಗಿರೋದಷ್ಟೇ ಉಳ್ಕೊಂಡಿದೆ, ಮಖಮಲ್ಲಿನಂಥ ದನಿ ಅಂತೀವಲ್ಲ ಹಾಗೆ. ಇದೇನು ಹೊರಗಿನ ಪದಕ್ಕೆ ಮಾತ್ರ ಆಗಿದ್ದಲ್ಲ, ನಮ್ಮ ನವಿರು ಅನ್ನೋದೂ ಮೊದಲು ಕೂದಲೇ, ನವಿರೇಳೋದು ಅಂದ್ರೆ ಮೈಕೂದಲು ನಿಮಿರೋದು, ಈಗ ನೋಡಿದ್ರೆ ನವಿರಾದ ಹಾಸ್ಯ ಅಂತ ಬರೀತಾರೆ. ವೆಲ್ವೆಟ್ಟಂತೂ ರಾಜಕೀಯಕ್ಕೂ ಹೋಯ್ತು. 1989ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಕಮ್ಯುನಿಸ್ಟ್ ಆಡಳಿತ ರಕ್ತಪಾತ ಇಲ್ದೆ ಬಿದ್ದಿದ್ದಕ್ಕೆ ವೆಲ್ವೆಟ್ ಕ್ರಾಂತಿ ಅಂದ್ರು, 1993ರ ಜನವರಿ 1ಕ್ಕೆ ಆ ದೇಶ ಜಗಳ ಇಲ್ದೆ ಎರಡಾದಾಗ ವೆಲ್ವೆಟ್ ಡೈವೋರ್ಸ್ ಅಂತಲೂ ಅಂದ್ರು.