ಕಬ್ಬು ಲೆಕ್ಕಕ್ಕೆ ಸೇರಿತು, ದುಡ್ಡು ಮನೆ ಸೇರಿತಾ?

ನಾನು ಓದಿದ್ದು ಅರ್ಥಶಾಸ್ತ್ರ, ಇರುವುದು ಮೈಸೂರಿನಲ್ಲಿ. ಮಂಡ್ಯ ಸುತ್ತಮುತ್ತಲ ಊರುಗಳಲ್ಲಿ ಮನೆ ಮನೆಯ ಖರ್ಚು-ವರಮಾನ ಬರೆದುಕೊಳ್ಳುವುದು ನನ್ನ ಕೆಲಸದ ದೊಡ್ಡ ಭಾಗ. ರಾಜ್ಯದ ತಲಾ ಆದಾಯ ಇಷ್ಟು ಏರಿತು ಅಂತ ಪೇಪರಿನಲ್ಲಿ ಬಂದ ವಾರ ಯಾವ ಊರಿಗೆ ಹೋದರೂ ಒಂದು ಪ್ರಶ್ನೆ ಬಂದೇ ಬರುತ್ತದೆ: "ಆ ದುಡ್ಡು ಯಾರ ಮನೇಲದೆ ಸಾ?"

ಸುಮ್ನೆ ತಮಾಷೆಗೆ ಕೇಳುವ ಮಾತಲ್ಲ ಇದು. ನಮ್ಮ ಶಾಸ್ತ್ರ ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ. ಅದಕ್ಕೆ ನೆಟ್ಟಗೆ ಉತ್ತರ ಕೊಡಬೇಕು ಅಂತಲೇ ಈ ಬರಹ.

ಮೊದಲು ಸರಾಸರಿಯ ವಿಷಯ. ಹತ್ತು ಮನೆಗಳ ಒಂದು ಊರು ಅಂದುಕೊಳ್ಳಿ. ಒಂಬತ್ತು ಮನೆಗೆ ವರ್ಷಕ್ಕೆ ಒಂದೊಂದು ಲಕ್ಷ ರೂಪಾಯಿ ವರಮಾನ, ಒಂದು ಮನೆಗೆ 21 ಲಕ್ಷ. ಸರಾಸರಿ ಮೂರು ಲಕ್ಷ ಬರುತ್ತದೆ. ಆದರೆ ಮೂರು ಲಕ್ಷದಲ್ಲಿ ಬದುಕುವ ಮನೆ ಆ ಊರಲ್ಲಿ ಒಂದೂ ಇಲ್ಲ. ಮುಂದಿನ ವರ್ಷ ದೊಡ್ಡ ಮನೆಯ ವರಮಾನ 24 ಲಕ್ಷ ಆಯಿತು, ಉಳಿದವರದು ಇದ್ದಷ್ಟೇ ಇತ್ತು. ಲೆಕ್ಕದಲ್ಲಿ ಊರು ಶೇ 10ರಷ್ಟು ಬೆಳೆಯಿತು! ಇನ್ನೊಂದು ಸಂಗತಿಯೂ ಇದೆ. ಜಿಲ್ಲೆಯ ಉತ್ಪನ್ನ ಅನ್ನುವುದು ಆ ಜಿಲ್ಲೆಯೊಳಗೆ ಎಷ್ಟು ತಯಾರಾಯಿತು ಅನ್ನುವ ಲೆಕ್ಕ. ನಂಜನಗೂಡಿನ ಕಾರ್ಖಾನೆಯ ಲಾಭ ಪೂರ್ತಿ ಮುಂಬೈಗೆ ಹೋದರೂ ಅದು ಮೈಸೂರು ಜಿಲ್ಲೆಯ ಹೆಸರಿನಲ್ಲೇ ಇರುತ್ತದೆ.

ಇಷ್ಟನ್ನು ಬಹಳ ಜನ ಬಲ್ಲರು. ಇದಕ್ಕಿಂತ ಆಳದ ತೊಂದರೆ ಒಂದಿದೆ. ಅದು ಚೆನ್ನಾಗಿ ಕಾಣುವುದು ಕಬ್ಬಿನಲ್ಲಿ.

ದೇಶದ ಉತ್ಪನ್ನ, ಆದಾಯ ಎಣಿಸುವ ರಾಷ್ಟ್ರೀಯ ಲೆಕ್ಕದ ನಿಯಮ ಏನೆಂದರೆ, ಬೆಳೆ ಬಂದ ಹೊತ್ತಿಗೇ ಅದರ ಬೆಲೆ ಲೆಕ್ಕ ಸೇರುತ್ತದೆ. ದುಡ್ಡು ರೈತನ ಕೈಗೆ ಬಂತೋ ಇಲ್ಲವೋ ಅಂತ ಯಾರೂ ಕೇಳುವುದಿಲ್ಲ. ಕಬ್ಬು ಕಟಾವಾಯಿತು, ಲಾರಿ ಹತ್ತಿತು, ಕಾರ್ಖಾನೆಯಲ್ಲಿ ತೂಕ ಆಯಿತು. ಅಲ್ಲಿಗೆ ಕೃಷಿ ಉತ್ಪನ್ನ ಇಷ್ಟು ಏರಿತು ಅಂತ ಬರೆದಾಯಿತು. ಕಾನೂನಿನಲ್ಲೇನೋ ಗಡುವಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು. ಆದರೂ ತಿಂಗಳುಗಟ್ಟಲೆ ಬಾಕಿ ಉಳಿದ ವರ್ಷಗಳು ಮಂಡ್ಯದವರಿಗೆ ಹೊಸದಲ್ಲ. 2015ರಲ್ಲಿ ಈ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳ ಸುದ್ದಿ ಮೇಲಿಂದ ಮೇಲೆ ಬಂತು. ಬೆಲೆ ಬಿದ್ದಿತ್ತು, ಬಾಕಿ ಬಂದಿರಲಿಲ್ಲ, ಸಾಲ ಬೆಳೆದಿತ್ತು. ಆಗಲೂ ಗದ್ದೆಯಿಂದ ಕಬ್ಬು ಹೋಗಿತ್ತು. ಉತ್ಪನ್ನದ ಲೆಕ್ಕದಲ್ಲಿ ಅದು ಇತ್ತು.

ಇದರ ಭಾರ ಎಷ್ಟು ಅಂತ ನೋಡೋಣ. ಒಬ್ಬ ರೈತರಿಗೆ ಒಂದು ಲಕ್ಷ ರೂಪಾಯಿ ಬರಬೇಕು, ಎಂಟು ತಿಂಗಳು ತಡವಾಯಿತು ಅಂದುಕೊಳ್ಳಿ. ಅಷ್ಟರಲ್ಲಿ ಮಗಳ ಕಾಲೇಜು ಫೀಸು ಬಂತು, ಕೂಳೆ ಕಬ್ಬಿಗೆ ಗೊಬ್ಬರ ಹಾಕಬೇಕು, ಮನೆಯಲ್ಲಿ ಯಾರಿಗೋ ಆಪರೇಷನ್. ಊರಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಒಂದು ಲಕ್ಷ ತಂದರು. ತಿಂಗಳಿಗೆ 3,000 ರೂಪಾಯಿಯಂತೆ ಎಂಟು ತಿಂಗಳಿಗೆ 24,000 ಬಡ್ಡಿ ಆಯಿತು. ಕಾನೂನಿನ ಶೇ 15ರ ಬಡ್ಡಿಯನ್ನು ಪೈಸೆ ಬಿಡದೆ ಕೊಟ್ಟರೂ ಅವರಿಗೆ ಸಿಗುವುದು ಸುಮಾರು 10,000. ಉಳಿದ 14,000 ಅವರ ಜೇಬಿಂದಲೇ ಹೋಯಿತು. ಜಿಲ್ಲೆಯ ಉತ್ಪನ್ನದಲ್ಲಿ ಈ ನಷ್ಟದ ಗುರುತೇ ಇರುವುದಿಲ್ಲ. ಒಬ್ಬರ ಕೈಯಿಂದ ಹೋಗಿದ್ದು ಸಾಲ ಕೊಟ್ಟವರ ಕೈಗೆ ಬಂದಿರುತ್ತದೆ, ಒಟ್ಟು ಮೊತ್ತ ಹಾಗೇ ಇರುತ್ತದೆ.

ಅದೇ ಊರಿನ ಹಾಲಿನ ಡೇರಿ ನೋಡಿ. ಬೆಳಿಗ್ಗೆ, ಸಂಜೆ ಹಾಲು ಹಾಕಿದರೆ ವಾರಕ್ಕೋ ಹದಿನೈದು ದಿನಕ್ಕೋ ಬಟವಾಡೆ. ಎರಡು ಹಸು ಕಟ್ಟಿಕೊಂಡ ಮನೆಗೆ ಮೇವು, ಹಿಂಡಿ, ಡಾಕ್ಟರ ಖರ್ಚು ಕಳೆದರೆ ಹೆಚ್ಚೇನೂ ಉಳಿಯುವುದಿಲ್ಲ. ಆದರೂ "ಹಸ ಇರೋದ್ರಿಂದ ಬದುಕಿದೀವಿ" ಅಂತ ಹೆಂಗಸರು ಹೇಳುವುದನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ದಿನಸಿ, ಮಕ್ಕಳ ಪುಸ್ತಕ, ಸಂಘದ ಕಂತು, ಎಲ್ಲ ಹಾಲಿನ ದುಡ್ಡಿನಲ್ಲೇ. ವರ್ಷದ ಲೆಕ್ಕ ಹಾಕಿದರೆ ಕಬ್ಬಿನದೇ ಜಾಸ್ತಿ ಇರಬಹುದು. ಆದರೆ ಹಾಲಿನ ರೂಪಾಯಿ ಬೇಕಾದ ದಿನ ಬರುತ್ತದೆ, ಬರುವುದು ಖಾತ್ರಿ, ಮನೆ ನಡೆಸುವವರ ಕೈಗೇ ಬರುವುದೂ ಉಂಟು.

ನಾವು ತರಗತಿಯಲ್ಲಿ ಕಲಿಸುವ ಅರ್ಥಶಾಸ್ತ್ರ ಒಂದು ರೂಪಾಯಿಗೆ ಒಂದೇ ತೂಕ ಕೊಡುತ್ತದೆ. ಯಾರಿಗೆ, ಯಾವಾಗ, ಎಷ್ಟು ಖಾತ್ರಿಯಾಗಿ ಬಂತು ಅನ್ನುವುದು ಅಲ್ಲಿ ಆಮೇಲಿನ ಮಾತು. ಬದುಕಿನ ಮಟ್ಟ ಅಳೆಯಬೇಕಾದರೆ ಇವೇ ಮೊದಲು ಬರಬೇಕು ಅನ್ನುವುದು ನನ್ನ ವಾದ.

ಹಾಗಂತ ಉತ್ಪನ್ನದ ಹೆಚ್ಚಳ ಬೇಡ ಅಂತ ನಾನು ಹೇಳುತ್ತಿಲ್ಲ. ಕನ್ನಂಬಾಡಿ ಕಟ್ಟೆ ಇಲ್ಲದಿದ್ದರೆ, ವಿಶ್ವೇಶ್ವರಯ್ಯ ನಾಲೆ ಹರಿಯದಿದ್ದರೆ, 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಶುರುವಾಗದಿದ್ದರೆ ಮಂಡ್ಯ ಇವತ್ತಿನ ಮಂಡ್ಯ ಆಗುತ್ತಿರಲಿಲ್ಲ. ಒಣ ಭೂಮಿಗೆ ನೀರು ಬಂತು, ಅನ್ನ ಬಂತು, ಶಾಲೆ ಬಂತು. 1950ರ ದಶಕದಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಮಾನವಶಾಸ್ತ್ರಜ್ಞೆ ಮಂಡ್ಯದ ಹತ್ತಿರ ಎರಡು ಹಳ್ಳಿಗಳಲ್ಲಿ ಇದ್ದು ಇದನ್ನೇ ಅಧ್ಯಯನ ಮಾಡಿದರು. ಒಂದು ಊರಿಗೆ ನಾಲೆ ನೀರು ಬಂದಿತ್ತು. ಇನ್ನೊಂದರ ಜಮೀನಿಗೆ ನೀರು ಹತ್ತಿರಲಿಲ್ಲ, ಸುತ್ತಲೆಲ್ಲ ನೀರಾವರಿ. ನೀರು ಬಂದ ಊರು ಕಬ್ಬು ಬೆಳೆದು ದುಡ್ಡು ಕಂಡಿತು, ಬೇಸಾಯದಲ್ಲೇ ಉಳಿಯಿತು, ಹಳೆಯ ಕಟ್ಟುಪಾಡುಗಳೂ ಹೆಚ್ಚು ಸಡಿಲವಾಗಲಿಲ್ಲ. ಒಣ ಊರಿನ ಜನ ಮಂಡ್ಯಕ್ಕೆ ಹೋಗಿ ಕೆಲಸ, ವ್ಯಾಪಾರ ಹಿಡಿದರು. ಅಲ್ಲಿ ಬದುಕಿನ ರೀತಿಯೇ ಬದಲಾಗತೊಡಗಿತು. ಎರಡೂ ಊರಿನ ಆದಾಯ ಏರಿತ್ತು. ಬರೀ ಆದಾಯದ ಅಂಕಿ ನೋಡಿದವರಿಗೆ ಈ ವ್ಯತ್ಯಾಸ ಕಾಣುತ್ತಿತ್ತಾ?

ಈಗ ಮನೆಯೊಳಗಿನ ದುಡಿಮೆಗೆ ಬರೋಣ. ಇಲ್ಲಿನ ನಿಯಮ ಕೇಳಿದರೆ ಎಷ್ಟೋ ಜನ ಬೆರಗಾಗುತ್ತಾರೆ. ಹೊಲದ ಬದುವಿನಿಂದ ಹೆಂಗಸೊಬ್ಬರು ಸೌದೆ ತಂದರೆ, ಅಂತರರಾಷ್ಟ್ರೀಯ ಲೆಕ್ಕದ ನಿಯಮದ ಪ್ರಕಾರ ಅದು ಉತ್ಪಾದನೆ. ಅದೇ ಸೌದೆ ಉರಿಸಿ ಮುದ್ದೆ ತಿರುವಿ ಬಸ್ಸಾರು ಮಾಡಿದರೆ ಅದು ಉತ್ಪಾದನೆ ಅಲ್ಲ. ಮನೆಯವರಿಗಾಗಿ ಅಡುಗೆ, ಮಗುವಿನ ಆರೈಕೆ, ಹಾಸಿಗೆ ಹಿಡಿದ ಅತ್ತೆಯ ಸೇವೆ, ಇದ್ಯಾವುದಕ್ಕೂ ಜಿಡಿಪಿಯಲ್ಲಿ, ಅಂದರೆ ದೇಶದ ಒಟ್ಟು ಉತ್ಪನ್ನದ ಲೆಕ್ಕದಲ್ಲಿ, ಜಾಗ ಇಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಡುತ್ತಾರೆ. ಆ ಕೆಲಸ ಮಾಡುವ ಗಂಡಸರು ಕೊಡುವುದು 88 ನಿಮಿಷ. ಐದು ವರ್ಷ ಹಿಂದೆ, 2019ರಲ್ಲಿ, ಇದು 299 ಮತ್ತು 97 ಇತ್ತು. ದೇಶದ ಆದಾಯ ಆ ಐದು ವರ್ಷದಲ್ಲಿ ಎಷ್ಟೋ ಏರಿತು. ಹೆಂಗಸರಿಗೆ ದಿನಕ್ಕೆ ಉಳಿದದ್ದು ಹತ್ತು ನಿಮಿಷ.

ನಮ್ಮ ಕಡೆಯ ಊರುಗಳಿಂದ ಬೆಳಗಾಗುವ ಮುಂಚೆ ಗಾರ್ಮೆಂಟ್ಸ್ ವ್ಯಾನುಗಳು ಹೊರಡುತ್ತವೆ. ಅದರಲ್ಲಿ ಹೋಗುವ ಹೆಣ್ಣುಮಕ್ಕಳು ಇನ್ನೂ ಮುಂಚೆ ಎದ್ದು ಅಡುಗೆ ಮುಗಿಸಿ, ನೀರು ತುಂಬಿಸಿ, ಡಬ್ಬಿ ಕಟ್ಟಿಕೊಂಡು ಓಡುತ್ತಾರೆ. ಸಂಜೆ ಬಂದ ಮೇಲೆ ಮತ್ತೆ ಅದೇ. ಅವರ ಕೂಲಿ ಪೂರ್ತಿ ಉತ್ಪನ್ನಕ್ಕೆ ಸೇರುತ್ತದೆ. ಅದಕ್ಕಾಗಿ ಅವರು ಕಳೆದುಕೊಂಡ ನಿದ್ದೆಯನ್ನು ಯಾರೂ ಕಳೆಯುವುದಿಲ್ಲ. ಆ ಕೂಲಿ ಅವರಿಗೆ ಮುಖ್ಯ. ಕೈಯಲ್ಲಿ ಸ್ವಂತ ದುಡ್ಡು ಇರುವುದು ಮನೆಯೊಳಗೆ ಅವರ ಮಾತಿನ ತೂಕವನ್ನೇ ಬದಲಿಸುತ್ತದೆ, ಅದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಬದುಕು ಎಷ್ಟು ಸುಧಾರಿಸಿತು ಅಂತ ಹೇಳಬೇಕಾದರೆ ಕೂಡಿದ್ದರ ಜೊತೆ ಕಳೆದದ್ದೂ ಲೆಕ್ಕಕ್ಕೆ ಬರಬೇಕು, ಅಲ್ವಾ?

ಜಿಡಿಪಿಗೆ ಒಳ್ಳೆಯ ಖರ್ಚು, ಕೆಟ್ಟ ಖರ್ಚು ಅಂತ ಭೇದವೂ ಇಲ್ಲ. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮಂಡ್ಯದಲ್ಲೇ ಉದ್ಘಾಟನೆ ಆಯಿತು. ಪ್ರಯಾಣದ ಸಮಯ ಉಳಿಯಿತು, ಅದು ನಿಜವಾದ ಲಾಭ. ಅಪಘಾತವಾದಾಗಿನ ಆಸ್ಪತ್ರೆ ಬಿಲ್ಲು, ಗಾಡಿ ರಿಪೇರಿ ಕೂಡ ಉತ್ಪನ್ನಕ್ಕೇ ಕೂಡುತ್ತವೆ. ರಸ್ತೆಯ ಆಚೆ ಜಮೀನಿರುವ ರೈತರು ಅಂಡರ್‌ಪಾಸ್ ಹುಡುಕಿಕೊಂಡು ಸುತ್ತುವ ಹೊತ್ತಿಗೆ ಮಾತ್ರ ಲೆಕ್ಕ ಇಲ್ಲ. ಬತ್ತಿದ ಬೋರ್‌ವೆಲ್ ಪಕ್ಕ ಇನ್ನೂ ಆಳದ ಬೋರ್ ಕೊರೆಸಿದರೆ ಅದೂ ಬೆಳವಣಿಗೆ. ತಳ ಕಂಡ ಅಂತರ್ಜಲವನ್ನು ಜಿಡಿಪಿಯಿಂದ ಕಳೆಯುವುದಿಲ್ಲ.

ಈ ಅಳತೆಯ ಮಿತಿ ಅದನ್ನು ಕಟ್ಟಿದವರಿಗೇ ಗೊತ್ತಿತ್ತು. ಅಮೆರಿಕದ ರಾಷ್ಟ್ರೀಯ ಆದಾಯದ ಲೆಕ್ಕ ಹಾಕಿದ ಸೈಮನ್ ಕುಜ್ನೆಟ್ಸ್ 1934ರಲ್ಲೇ ತಮ್ಮ ವರದಿಯಲ್ಲಿ ಎಚ್ಚರಿಸಿದ್ದರು. ಈ ಮೊತ್ತ ನೋಡಿ ದೇಶದ ಜನ ಎಷ್ಟು ಚೆನ್ನಾಗಿದ್ದಾರೆ ಅಂತ ಹೇಳಲಾಗದು ಅನ್ನುವುದು ಅವರ ಮಾತಿನ ಸಾರ. 1990ರಲ್ಲಿ ಅರ್ಥಶಾಸ್ತ್ರಜ್ಞರಾದ ಮಹಬೂಬ್ ಉಲ್ ಹಕ್ ಮತ್ತು ಅಮರ್ತ್ಯ ಸೇನ್ ಅವರ ಚಿಂತನೆಯಿಂದ ಮಾನವ ಅಭಿವೃದ್ಧಿ ಸೂಚ್ಯಂಕ ಬಂತು. ಅದರಲ್ಲಿ ಆದಾಯದ ಜೊತೆ ಆಯಸ್ಸು, ಶಿಕ್ಷಣ ಸೇರಿದವು. 2025ರಲ್ಲಿ ವಿಶ್ವಸಂಸ್ಥೆ ಒಪ್ಪಿದ ರಾಷ್ಟ್ರೀಯ ಲೆಕ್ಕದ ಹೊಸ ನಿಯಮಾವಳಿಯಲ್ಲಿ ನೈಸರ್ಗಿಕ ಸಂಪತ್ತು ಕರಗಿದ್ದನ್ನು ಉತ್ಪಾದನೆಯ ಖರ್ಚಾಗಿ ನೋಡಿ, ನಿವ್ವಳ ಉತ್ಪನ್ನದಲ್ಲಿ (ಸವಕಳಿ ಕಳೆದು ಉಳಿಯುವ ಉತ್ಪನ್ನ) ಕಳೆಯುವ ದಾರಿ ಮಾಡಿದ್ದಾರೆ.

ನಮ್ಮ ರಾಜ್ಯವೂ ಹಿಂದೆ ಬಿದ್ದಿಲ್ಲ. ಪ್ರಾದೇಶಿಕ ಅಸಮಾನತೆಯ ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ 35 ಸೂಚಕ ಇಟ್ಟುಕೊಂಡು ಆಗಿನ 175 ತಾಲ್ಲೂಕುಗಳನ್ನು ಅಳೆಯಿತು. 114 ಹಿಂದುಳಿದವು ಅಂತ ಗುರುತಿಸಿತು, ಅದರಲ್ಲಿ 39 ಅತ್ಯಂತ ಹಿಂದುಳಿದವು. ತಾಲ್ಲೂಕು ಮಟ್ಟಕ್ಕೆ ಇಳಿದು ಅಳೆದದ್ದೇ ಆ ವರದಿಯ ದೊಡ್ಡ ಗುಣ ಅನ್ನುವುದು ನನ್ನ ಅಭಿಪ್ರಾಯ.

ಇಲ್ಲಿ ಕೆಲವರು ಒಂದು ಸುಲಭದ ದಾರಿ ಹೇಳುತ್ತಾರೆ. ಜನರನ್ನೇ ಕೇಳಿಬಿಡಿ, ಖುಷಿಯಾಗಿದ್ದೀರಾ ಅಂತ. ನನಗೆ ಇದು ಒಪ್ಪಿಗೆ ಇಲ್ಲ. ಮನೆ ಸಮೀಕ್ಷೆಯಲ್ಲಿ "ಆರೋಗ್ಯ ಹೇಗಿದೆ ಅಕ್ಕ?" ಅಂದರೆ "ಚೆನ್ನಾಗೇ ಅದೆ" ಅನ್ನುವ ಉತ್ತರ ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಜನರಿಗೆ ರಕ್ತಹೀನತೆ ಇದೆ. ಸುಸ್ತು ಇರುವುದೇ ಮಾಮೂಲು ಅಂದುಕೊಂಡವರು ಅದನ್ನು ದೂರು ಅಂತ ಹೇಳುವುದಿಲ್ಲ. ಕೊರತೆಗೆ ಮನಸ್ಸು ಒಗ್ಗಿಕೊಂಡುಬಿಡುತ್ತದೆ ಅಂತ ಸೇನ್ ಹೇಳಿದ್ದು ಇದನ್ನೇ. ಅದಕ್ಕೇ ಅವರು ಇನ್ನೊಂದು ರೀತಿ ಕೇಳಿ ಅಂದರು: ಒಬ್ಬ ಮನುಷ್ಯ ಏನು ಮಾಡಬಲ್ಲ, ಹೇಗೆ ಬಾಳಬಲ್ಲ?

ಬಸ್ಸಿನ ಉದಾಹರಣೆ ಸಾಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಊರಿಂದ ಮೈಸೂರಿನ ಕಾಲೇಜಿಗೆ, ಆಸ್ಪತ್ರೆಗೆ, ಕೆಲಸಕ್ಕೆ ಹೋಗಲು ಇದ್ದ ಒಂದು ಅಡ್ಡಿ ಹೋಯಿತು. ಆದರೆ ಸಂಜೆ ಏಳಕ್ಕೆ ಕೆಲಸ ಬಿಟ್ಟವರಿಗೆ ಊರಿನ ಕಡೆಯ ಬಸ್ಸು ಆರಕ್ಕೇ ಹೋಗಿದ್ದರೆ? ಟಿಕೆಟ್ ಉಚಿತ ಇದ್ದೂ ಆ ಕೆಲಸ ಅವರ ಪಾಲಿಗೆ ಇಲ್ಲ. ಯೋಜನೆಗೆ ಎಷ್ಟು ಕೋಟಿ ಖರ್ಚಾಯಿತು ಅನ್ನುವುದರಿಂದ ಇದು ಗೊತ್ತಾಗುವುದಿಲ್ಲ. ಕೊನೆಯ ಬಸ್ಸಿನ ಹೊತ್ತು ನೋಡಿದರೆ ಗೊತ್ತಾಗುತ್ತದೆ.

ನಾನು ಮನೆಗಳಲ್ಲಿ ಕೇಳುವ ಪ್ರಶ್ನೆಗಳೂ ಈಗ ಈ ಥರದವು. ಬೆಳೆ ಕೊಟ್ಟ ಎಷ್ಟು ದಿನಕ್ಕೆ ದುಡ್ಡು ಬಂತು? ನಾಳೆ ಆಸ್ಪತ್ರೆಗೆ 20,000 ರೂಪಾಯಿ ಬೇಕಾದರೆ ಒಡವೆ ಅಡ ಇಡದೆ ಹೊಂದಿಸಬಹುದಾ? ಮನೆಯ ಹೆಂಗಸರು ರಾತ್ರಿ ಎಷ್ಟು ಗಂಟೆ ಮಲಗುತ್ತಾರೆ? ನಾಲೆಯ ಕೊನೆ ಭಾಗದ ಗದ್ದೆಗೆ ಈ ಬೆಳೆಯಲ್ಲಿ ನೀರು ಹತ್ತಿತಾ? ಉತ್ತರ ಬರೆದುಕೊಳ್ಳಲು ದೊಡ್ಡ ಸಿದ್ಧಾಂತ ಬೇಕಿಲ್ಲ. ಕೂತು ಕೇಳುವ ತಾಳ್ಮೆ ಬೇಕು.

ತಾಲ್ಲೂಕು, ಜಿಲ್ಲೆಗಳಲ್ಲಿ ನಡೆಯುವ ಕೆಡಿಪಿ ಸಭೆಗಳಲ್ಲಿ, ಅಂದರೆ ಇಲಾಖೆಗಳ ಕೆಲಸದ ಪ್ರಗತಿ ನೋಡುವ ಸಭೆಗಳಲ್ಲಿ, ಪ್ರತಿ ಇಲಾಖೆಯೂ ಎರಡು ಪ್ರಗತಿ ಹೇಳುತ್ತದೆ, ಒಂದು ಆರ್ಥಿಕ, ಇನ್ನೊಂದು ಭೌತಿಕ. ಎಷ್ಟು ಹಣ ಖರ್ಚಾಯಿತು, ಎಷ್ಟು ಕಾಮಗಾರಿ ಮುಗಿಯಿತು ಅಂತ. ಅದರ ಪಕ್ಕ ಮೂರನೇ ಕಾಲಂ ಒಂದು ಬೇಕು. ಕೃಷಿಯ ಸಾಲಿನಲ್ಲಿ ಕಬ್ಬಿನ ತೂಕ ಆದ ದಿನಕ್ಕೂ ಹಣ ಜಮೆಯಾದ ದಿನಕ್ಕೂ ಇರುವ ಅಂತರ. ಸಾರಿಗೆಯ ಸಾಲಿನಲ್ಲಿ ಸಂಜೆ ಏಳರ ನಂತರ ಬಸ್ಸಿಲ್ಲದ ಊರುಗಳ ಸಂಖ್ಯೆ. ಆರೋಗ್ಯದ ಸಾಲಿನಲ್ಲಿ ರಕ್ತಹೀನತೆ ಇರುವ ಗರ್ಭಿಣಿಯರ ಸಂಖ್ಯೆ. ತೂಕದ ಚೀಟಿ ಕಾರ್ಖಾನೆಯಲ್ಲಿದೆ, ಬಸ್ಸಿನ ವೇಳಾಪಟ್ಟಿ ಡಿಪೋದಲ್ಲಿದೆ, ತಾಯಿ ಕಾರ್ಡಿನ ವಿವರ ಆಶಾ ಕಾರ್ಯಕರ್ತೆಯ ಹತ್ತಿರ ಇದೆ. ಹೊಸ ಸಮೀಕ್ಷೆ ಬೇಕಿಲ್ಲ. ಮಂಡ್ಯದ ಒಂದೇ ತಾಲ್ಲೂಕಿನಲ್ಲಿ, ಮುಂದಿನ ಕಬ್ಬು ಅರೆಯುವ ಹಂಗಾಮಿನಿಂದಲೇ ಇದನ್ನು ಶುರು ಮಾಡಬಹುದು.